ತಲೆಹೇನು ಹೇಳುವ ಮಾನವ ಚರಿತ್ರೆ

ಹೇನೆಂದೊಡನೆ ಮುಖ ಸಿಂಡರಿಸುವುದು ನಮ್ಮ ರೂಢಿ. ಸೀರಣಿಗೆಗೆ ಸಿಕ್ಕ ಈ ಕ್ಷುದ್ರ ಜೀವಿಯನ್ನು ಉಗುರಿನಿಂದ ಕುಕ್ಕಿ ಕೊಲ್ಲುವುದರಾಚೆಗೆ ಅದರ ವಿಷಯದಲ್ಲಿ ತಿಳಿಯತಕ್ಕದ್ದೇನೂ ಇಲ್ಲವೆಂದು ಭಾವಿಸುತ್ತೇವೆ. ಆದರೆ ಶಿಲಾಶಾಸನಗಳಿಗೂ ತಾಳೆಗರಿಗಳಿಗೂ ನಿಲುಕದಷ್ಟು ಪ್ರಾಚೀನವಾದ ಮಾನವ ಚರಿತ್ರೆಯ ಕೆಲವು ಪುಟಗಳು ಅದರ ಒಡಲಿನಲ್ಲಿ ಅಡಗಿವೆ.

ತಲೆಹೇನಿಗೆ ರೆಕ್ಕೆಗಳಿಲ್ಲ, ಅದು ನೆಗೆಯಲಾರದು. ಮನುಷ್ಯನ ರಕ್ತವೇ ಅದರ ಆಹಾರ. ತಲೆಯಿಂದ ಕೆಳಗೆ ಬಿದ್ದರೆ ಒಂದೆರಡು ದಿನಗಳಲ್ಲಿ ಸಾಯುತ್ತದೆ. ಬಹುಮಟ್ಟಿಗೆ ತಲೆಗೆ ತಲೆ ತಾಗಿದಾಗಲೇ ಅದು ಒಬ್ಬರಿಂದ ಇನ್ನೊಬ್ಬರಿಗೆ ಹರಡುತ್ತದೆ. ಆದಕಾರಣ ಮನುಷ್ಯನು ನಡೆದ ದಾರಿಯೇ ಹೇನು ನಡೆದ ದಾರಿ.

ಈ ದಾರಿಯನ್ನು ಗುರುತಿಸುವುದು ಹೇಗೆ? ಪ್ರತಿಯೊಂದು ಜೀವಿಯ ಆನುವಂಶಿಕ ಗುಣಗಳು ಡಿ.ಎನ್.ಎ. ಎಂಬ ವಸ್ತುವಿನಲ್ಲಿ ಅಡಕವಾಗಿರುತ್ತವೆ. ತಲೆಮಾರಿನಿಂದ ತಲೆಮಾರಿಗೆ ಇದರ ಪ್ರತಿ ಇಳಿಯುವಾಗ ಅಲ್ಲಲ್ಲಿ ಸಣ್ಣ ಬದಲಾವಣೆಗಳು ಸೇರಿಕೊಳ್ಳುತ್ತವೆ. ಎರಡು ಹೇನುಗಳ ನಡುವೆ ಇಂತಹ ವ್ಯತ್ಯಾಸಗಳು ಹೆಚ್ಚಿದಷ್ಟೂ ಅವುಗಳ ಪೂರ್ವಜರು ಬೇರೆಯಾಗಿ ಹೆಚ್ಚು ಕಾಲವಾಗಿದೆಯೆಂದು ತಿಳಿಯಬೇಕು. ಈ ಲೆಕ್ಕದಿಂದ ಮನುಷ್ಯನ ಹೇನೂ ಚಿಂಪಾಂಜಿಯ ಹೇನೂ ಸುಮಾರು 60 ಲಕ್ಷ ವರ್ಷಗಳ ಹಿಂದೆ ಅಗಲಿದವೆಂದು ಅಂದಾಜಾಗಿದೆ. ಮನುಷ್ಯನೂ ಚಿಂಪಾಂಜಿಯೂ ಬೇರೆಯಾದ ಕಾಲವೂ ಹೆಚ್ಚುಕಡಿಮೆ ಅದೇ.

ಬಟ್ಟೆಯ ಮಡಿಕೆಗಳಲ್ಲಿ ವಾಸಿಸುವ ಕೂರೆಯು ತಲೆಹೇನಿನಿಂದಲೇ ಹುಟ್ಟಿದ ಕವಲು. ಮನುಷ್ಯನು ಬಟ್ಟೆ ತೊಡುವುದಕ್ಕೆ ಮುಂಚೆ ಕೂರೆಗೆ ನೆಲೆಯಿರಲಿಲ್ಲ. ಅದು ಕವಲೊಡೆದ ಕಾಲವನ್ನು ಗಣಿಸಿದ ವಿಜ್ಞಾನಿಗಳು, ನಮ್ಮ ಪೂರ್ವಜರು ಕಡೆಯಪಕ್ಷ 83,000 ವರ್ಷಗಳ ಹಿಂದೆ, ಪ್ರಾಯಶಃ 1,70,000 ವರ್ಷಗಳಷ್ಟು ಹಿಂದೆಯೇ ಮೈಮುಚ್ಚಿಕೊಳ್ಳಲು ಕಲಿತರೆಂದು 2011ರಲ್ಲಿ ಪ್ರಕಟಿಸಿದರು. ಅಷ್ಟು ಹಳೆಯ ಬಟ್ಟೆಯ ಚೂರು ಯಾವ ಉತ್ಖನನದಲ್ಲಿಯೂ ದೊರೆತಿಲ್ಲ.

ತಾಯಿಯಿಂದ ಮಾತ್ರ ಇಳಿದುಬರುವ ಡಿ.ಎನ್.ಎ.ಯನ್ನು ಆಧರಿಸಿ ಹೇನುಗಳಲ್ಲಿ ಹಲವು ಕುಲಗಳನ್ನು ಗುರುತಿಸಿದ್ದಾರೆ. 'ಎ' ಕುಲವು ಜಗತ್ತಿನಾದ್ಯಂತ ಹಬ್ಬಿದೆ. 'ಸಿ' ಕುಲವು ಇಥಿಯೋಪಿಯ, ನೇಪಾಳ ಮೊದಲಾದೆಡೆಗಳಲ್ಲಿ ಕಂಡುಬಂದಿದೆ. 2003ರ ಒಂದು ಅಧ್ಯಯನದಲ್ಲಿ ಆಫ್ರಿಕದ ಹೇನುಗಳಲ್ಲಿಯೇ ವೈವಿಧ್ಯ ಅಧಿಕವೆಂದು ತಿಳಿದುಬಂದಿತು. ಮಾನವಕುಲದ ತೌರೂ ಆಫ್ರಿಕವೇ ಅಲ್ಲವೆ?

ಅಮೆರಿಕ ಖಂಡದ ಕಥೆ ಇನ್ನೂ ಸ್ವಾರಸ್ಯಕರವಾದುದು. ಕೊಲಂಬಸನು 1492ರಲ್ಲಿ ಅಲ್ಲಿಗೆ ತಲಪುವುದಕ್ಕೆ ಶತಮಾನಗಳ ಮುಂಚೆ ತೀರಿಕೊಂಡ ಪೆರು ದೇಶದ ಜನರ ಒಣಗಿದ ಕಳೇಬರಗಳ ತಲೆಯಲ್ಲಿ 'ಎ' ಕುಲದ ಹೇನುಗಳು ದೊರೆತಿವೆ. 2023ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 25 ಸ್ಥಳಗಳ 274 ಹೇನುಗಳನ್ನು ಪರೀಕ್ಷಿಸಲಾಯಿತು. ಮಧ್ಯ ಅಮೆರಿಕದ ಹೊಂಡುರಾಸಿನ ಹೇನುಗಳು ಏಷ್ಯದ ಹೇನುಗಳಿಗೆ ಹತ್ತಿರದ ಬಂಧುಗಳಾಗಿದ್ದವು. ಏಷ್ಯದಿಂದ ಅಲ್ಲಿಗೆ ನಡೆದುಹೋದ ಮೊದಲ ಜನರೇ ಅವನ್ನು ಒಯ್ದಿರಬೇಕು. ಇತರ ಕುಲಗಳೊಡನೆ ಬೆರೆತ ಮಿಶ್ರ ಹೇನುಗಳೂ ಬಹುಪಾಲು ಅಮೆರಿಕದಲ್ಲಿಯೇ ಸಿಕ್ಕವು. ಯುರೋಪಿನವರ ವಲಸೆಯ ಗುರುತು ಇದೆಂದು ವಿಜ್ಞಾನಿಗಳ ಊಹೆ.

ಇದರಿಂದ ನಾವು ಕಲಿಯತಕ್ಕ ಪಾಠವೂ ಒಂದುಂಟು. ಹೇನು ಬಡವ-ಬಲ್ಲಿದರೆಂಬ ಭೇದವನ್ನರಿಯದು. ನಿತ್ಯ ಮಿಂದ ಶುಚಿಯಾದ ತಲೆಗೂ ಏರುತ್ತದೆ. ಹೀಗಿರುವಾಗ ತರಗತಿಯಲ್ಲಿ ಹೇನಾದ ಮಗುವನ್ನು ಕೊಳಕೆಂದು ಹೀಯಾಳಿಸಿ ಹಿಂದಿನ ಸಾಲಿಗೆ ತಳ್ಳುವುದು ಅಜ್ಞಾನವಷ್ಟೇ ಅಲ್ಲ, ಅನ್ಯಾಯ. ಆ ಮಗುವಿಗೆ ಬೇಕಾದುದು ಸೀರಣಿಗೆ, ತಕ್ಕ ಔಷಧಿ ಮತ್ತು ಮನೆಮಂದಿಯೆಲ್ಲರ ತಲೆಯನ್ನೂ ಒಮ್ಮೆಗೇ ನೋಡುವ ಹಿರಿಯರ ತಾಳ್ಮೆ. ಹೇನನ್ನು ತಲೆಯಿಂದ ತೆಗೆಯೋಣ. ಮಗುವನ್ನು ಗೆಳೆಯರ ನಡುವಿನಿಂದ ತೆಗೆಯದಿರೋಣ.