ಕ್ಷೇಮ ಇರುವುದು ಕೆಲಸದ ಮೇಜಿನಲ್ಲಿ

ನೌಕರರಿಗೆ ಆರೋಗ್ಯ ತಪಾಸಣೆ, ವ್ಯಾಯಾಮದ ತರಗತಿ, ಧೂಮಪಾನ ಬಿಡಿಸುವ ಸಲಹೆ ಮುಂತಾದವನ್ನು ಸಂಸ್ಥೆಯೇ ಒದಗಿಸಿದರೆ ಅವರ ಕಾಯಿಲೆ ಕಡಿಮೆಯಾಗಿ, ವೈದ್ಯಕೀಯ ವೆಚ್ಚ ಇಳಿದು, ಕೆಲಸವೂ ಚುರುಕಾಗುತ್ತದೆ ಎಂಬ ನಂಬಿಕೆ ಅಮೆರಿಕದಲ್ಲಿ ಒಂದು ದೊಡ್ಡ ಉದ್ಯಮವನ್ನೇ ಬೆಳೆಸಿದೆ. ‘ವರ್ಕ್‌ಪ್ಲೇಸ್ ವೆಲ್‌ನೆಸ್’ ಎಂದು ಅಲ್ಲಿ ಹೆಸರಾದ, ಕನ್ನಡದಲ್ಲಿ ‘ಉದ್ಯೋಗಸ್ಥಳದ ಕ್ಷೇಮ’ ಎನ್ನಬಹುದಾದ ಈ ಕಾರ್ಯಕ್ರಮಗಳಿಗೆ ಹಾಕಿದ ಪ್ರತಿ ಡಾಲರಿಗೂ ವೈದ್ಯಕೀಯ ವೆಚ್ಚದಲ್ಲಿ ಮೂರು ಡಾಲರಿಗಿಂತ ಹೆಚ್ಚು ಉಳಿಯುತ್ತದೆಂದು 2010ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆ ಹೇಳಿತ್ತು. ಆ ಲೆಕ್ಕವನ್ನು ಒರೆಗೆ ಹಚ್ಚಿದ್ದು ಒಂದು ವಿಶ್ವವಿದ್ಯಾಲಯ, ಅದೂ ತನ್ನದೇ ನೌಕರರನ್ನು ಇಟ್ಟುಕೊಂಡು.

ಇಲಿನಾಯ್ ವಿಶ್ವವಿದ್ಯಾಲಯದ ಅರ್ಬಾನಾ-ಶಾಂಪೇನ್ ಆವರಣದಲ್ಲಿ 2016ರಲ್ಲಿ ಆರಂಭವಾದ ಈ ಅಧ್ಯಯನಕ್ಕೆ 4,834 ನೌಕರರು ಒಪ್ಪಿ ಸೇರಿದರು. ಡೇಮನ್ ಜೋನ್ಸ್, ಡೇವಿಡ್ ಮೊಲಿಟರ್ ಮತ್ತು ಜೂಲಿಯನ್ ರೀಫ್ ಎಂಬ ಅರ್ಥಶಾಸ್ತ್ರಜ್ಞರು ಚೀಟಿ ಎತ್ತಿದಂತೆ ಅವರಲ್ಲಿ 3,300 ಮಂದಿಯನ್ನು ಆರಿಸಿ ಕಾರ್ಯಕ್ರಮದೊಳಗೆ ಬಿಟ್ಟು, ಉಳಿದ 1,534 ಮಂದಿಯನ್ನು ಹೋಲಿಕೆಗಾಗಿ ಹೊರಗಿಟ್ಟರು. ಒಳಗಿದ್ದವರಿಗೆ ರಕ್ತಪರೀಕ್ಷೆ, ಆರೋಗ್ಯದ ಪ್ರಶ್ನಾವಳಿ, ಬಗೆಬಗೆಯ ಚಟುವಟಿಕೆಗಳು ಮತ್ತು ಇವುಗಳಿಗಾಗಿ ಸಂಬಳಸಹಿತ ಬಿಡುವು ದೊರೆತವು. ತಪಾಸಣೆಗೆ ಬಂದರೆ ಕೆಲವರಿಗೆ ನೂರು, ಕೆಲವರಿಗೆ ಇನ್ನೂರು ಡಾಲರ್ ಬಹುಮಾನವೂ ಇತ್ತು. ಆದರೂ ಒಂದು ವರ್ಷದ ನಂತರ ಲೆಕ್ಕ ಹಾಕಿದಾಗ ವೈದ್ಯಕೀಯ ವೆಚ್ಚದಲ್ಲಾಗಲಿ, ವ್ಯಾಯಾಮಶಾಲೆಗೆ ಹೋಗುವ ರೂಢಿಯಲ್ಲಾಗಲಿ, ರಜೆ ಹಾಕುವ ದಿನಗಳಲ್ಲಾಗಲಿ ಎರಡು ಗುಂಪುಗಳ ನಡುವೆ ಗಮನಾರ್ಹ ವ್ಯತ್ಯಾಸ ಸಿಗಲಿಲ್ಲ. ತಪಾಸಣೆ ಮಾಡಿಸಿಕೊಂಡವರ ಪ್ರಮಾಣ ಹೆಚ್ಚಿತ್ತು, ಸಂಸ್ಥೆ ತಮ್ಮ ಆರೋಗ್ಯಕ್ಕೆ ಬೆಲೆ ಕೊಡುತ್ತದೆ ಎಂಬ ಭಾವನೆ ಗಟ್ಟಿಯಾಗಿತ್ತು. ಹೇಳಿಕೊಳ್ಳುವಂಥ ಬದಲಾವಣೆ ಇಷ್ಟೇ.

ಹಾಗಾದರೆ ಹಿಂದಿನ ಅಧ್ಯಯನಗಳು ಅಷ್ಟು ಲಾಭ ಕಂಡದ್ದು ಹೇಗೆ? ಅದೇ ಸಂಶೋಧಕರು ಚೀಟಿಯ ಆಯ್ಕೆಯನ್ನು ಬದಿಗಿಟ್ಟು, ತಾವಾಗಿ ಪಾಲ್ಗೊಂಡವರನ್ನು ಪಾಲ್ಗೊಳ್ಳದವರೊಂದಿಗೆ ಹಳೆಯ ಕ್ರಮದಲ್ಲೇ ಹೋಲಿಸಿದಾಗ ಆ ಲಾಭ ಇಲ್ಲಿಯೂ ಕಾಣಿಸಿಕೊಂಡಿತು. ಕಾರಣ ಸರಳ: ಇಂಥ ಕಾರ್ಯಕ್ರಮಗಳಿಗೆ ಉತ್ಸಾಹದಿಂದ ಬರುವವರು ಮೊದಲೇ ಹೆಚ್ಚು ಆರೋಗ್ಯವಂತರು, ಆಸ್ಪತ್ರೆಯ ಖರ್ಚು ಕಡಿಮೆ ಇರುವವರು. ಬರಬೇಕಾದವರು ಬರಲಿಲ್ಲ, ಬಂದವರಿಗೆ ಅದರ ಅಗತ್ಯ ಅಷ್ಟಿರಲಿಲ್ಲ.

ನೌಕರರ ಆರೋಗ್ಯ ಎಲ್ಲಿ ಕೆಡುತ್ತದೆ ಎಂಬುದಕ್ಕೆ ಲಂಡನ್ನಿನ ಸರ್ಕಾರಿ ಕಚೇರಿಗಳ ‘ವೈಟ್‌ಹಾಲ್’ ಅಧ್ಯಯನಗಳು ಬೇರೊಂದು ಉತ್ತರ ಕೊಟ್ಟಿವೆ. 1967ರಲ್ಲಿ ಆರಂಭವಾದ ಮೊದಲ ಅಧ್ಯಯನದಲ್ಲಿ, ಹೃದ್ರೋಗದಿಂದ ಹೆಚ್ಚಾಗಿ ಸಾಯುವವರು ಜವಾಬ್ದಾರಿಯ ಭಾರ ಹೊತ್ತ ಮೇಲಧಿಕಾರಿಗಳಲ್ಲ, ಕೆಳದರ್ಜೆಯ ಗುಮಾಸ್ತರು ಮತ್ತು ಜವಾನರು ಎಂಬುದು ಕಂಡುಬಂತು. 1985ರಲ್ಲಿ ಮೊದಲಾದ ಎರಡನೆಯ ಅಧ್ಯಯನವು ಇದರ ಹಿಂದೆ ‘ಕೆಲಸದ ಮೇಲಿನ ಹತೋಟಿ’ಯ ಕೊರತೆ ಗಣನೀಯವಾಗಿ ಇದೆಯೆಂದು ತೋರಿಸಿತು. ಹತೋಟಿ ಎಂದರೆ ಯಾವ ಕೆಲಸವನ್ನು ಯಾವಾಗ, ಯಾವ ಕ್ರಮದಲ್ಲಿ ಮಾಡಬೇಕೆಂದು ನಿರ್ಧರಿಸುವ, ಕಲಿತದ್ದನ್ನು ಬಳಸುವ ಅವಕಾಶ.

ಕರ್ನಾಟಕದ ಯಾವುದೇ ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗದಲ್ಲಿ ಈ ಮಾತಿನ ಅರ್ಥ ಕಣ್ಣಿಗೆ ಕಾಣುತ್ತದೆ. ಅಂಕಪಟ್ಟಿಯಲ್ಲಿ ತಂದೆಯ ಹೆಸರಿನ ಒಂದಕ್ಷರ ತಪ್ಪಾಗಿದೆಯೆಂದು ಅರ್ಜಿ ಹಿಡಿದು ಬಂದ ವಿದ್ಯಾರ್ಥಿಯ ಎದುರು ಕಿಟಕಿಯೊಳಗೆ ಕುಳಿತಿರುವ ದ್ವಿತೀಯ ದರ್ಜೆ ಸಹಾಯಕರಿಗೆ ತಪ್ಪು ತಿಳಿಯುತ್ತದೆ, ಸರಿ ಯಾವುದೆಂದೂ ತಿಳಿಯುತ್ತದೆ, ತಿದ್ದುವ ಅಧಿಕಾರ ಮಾತ್ರ ಇರುವುದಿಲ್ಲ. ಟಿಪ್ಪಣಿ ಬರೆದ ಕಡತ ಅಧೀಕ್ಷಕರ ಮೇಜಿಗೆ, ಅಲ್ಲಿಂದ ಉಪಕುಲಸಚಿವರಿಗೆ, ಅಲ್ಲಿಂದ ಮೌಲ್ಯಮಾಪನ ಕುಲಸಚಿವರಿಗೆ ಏರಿ, ಸಹಿಯಾಗಿ ಇಳಿದು ಬರುವವರೆಗೆ ದಿನವೂ ಬಂದು ನಿಲ್ಲುವ ವಿದ್ಯಾರ್ಥಿಯ ಸಿಟ್ಟನ್ನು ತಡೆದುಕೊಳ್ಳುವವರು ಅವರೇ. ಘಟಿಕೋತ್ಸವ ಹತ್ತಿರವಾದಾಗ ಸಾಲು ಉದ್ದವಾಗುತ್ತದೆ, ಅಧಿಕಾರ ಅಷ್ಟೇ ಇರುತ್ತದೆ.

ವೃತ್ತಿಕೌಶಲದ ಪ್ರಶ್ನೆ ಕ್ಷೇಮದೊಂದಿಗೆ ಸೇರಿಕೊಳ್ಳುವುದು ಇಲ್ಲಿಯೇ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಬೆನ್ನಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗವು ಅಧ್ಯಾಪಕರ ತರಬೇತಿಗೆಂದೇ ಅಕಾಡೆಮಿಕ್ ಸ್ಟಾಫ್ ಕಾಲೇಜುಗಳನ್ನು ತೆರೆಯಿತು. ಮೈಸೂರು, ಬೆಂಗಳೂರು ವಿಶ್ವವಿದ್ಯಾಲಯಗಳಲ್ಲೂ ಇದ್ದ ಈ ಕೇಂದ್ರಗಳು ಮುಂದೆ ಮಾನವ ಸಂಪನ್ಮೂಲ ಅಭಿವೃದ್ಧಿ ಕೇಂದ್ರಗಳೆಂದು, 2023ರಿಂದ ಮಾಳವೀಯ ಮಿಷನ್ ಶಿಕ್ಷಕ ತರಬೇತಿ ಕೇಂದ್ರಗಳೆಂದು ಹೆಸರು ಬದಲಿಸಿಕೊಂಡಿವೆ. ಹೊಸಬರಿಗೆ ಓರಿಯೆಂಟೇಶನ್, ಅನುಭವಿಗಳಿಗೆ ಅವರವರ ವಿಷಯದ ರಿಫ್ರೆಶರ್ ಕೋರ್ಸುಗಳು ಇಲ್ಲಿ ನಡೆಯುತ್ತವೆ. ಅವು ಬಡ್ತಿಗೆ ಬೇಕಾದ ಅರ್ಹತೆಯೂ ಆಗಿರುವುದರಿಂದ ಕೆಲವರು ಪ್ರಮಾಣಪತ್ರಕ್ಕಾಗಿ ಮಾತ್ರ ಹೋಗಿ ಬರುತ್ತಾರೆಂಬ ಗೊಣಗಾಟ ಇದ್ದದ್ದೇ. ಹಾಗಿದ್ದರೂ ಅಧ್ಯಾಪಕರಿಗೆ ಕಲಿಯಲು ಒಂದು ಜಾಗ, ಒಂದು ಬಿಡುವು, ಕಲಿತದ್ದಕ್ಕೊಂದು ಫಲ ಇದೆ. ಬೋಧಕೇತರ ನೌಕರರಿಗೆ ಆಗೀಗ ಒಂದೆರಡು ದಿನಗಳ ಕಾರ್ಯಾಗಾರ ನಡೆಯುವುದುಂಟು, ಇಷ್ಟು ಕ್ರಮಬದ್ಧವಾದ ಏರ್ಪಾಡು ಬೆಳೆದಿಲ್ಲ. ಪ್ರವೇಶಾತಿಯಿಂದ ಅಂಕಪಟ್ಟಿಯವರೆಗೆ ಎಲ್ಲವನ್ನೂ ಕಂಪ್ಯೂಟರಿಗೆ ತಂದ ಯುಯುಸಿಎಂಎಸ್ ಎಂಬ ರಾಜ್ಯಮಟ್ಟದ ಏಕೀಕೃತ ತಂತ್ರಾಂಶ ಬಂದಾಗ, ಲೆಡ್ಜರಿನಲ್ಲಿ ಪಳಗಿದ ಕೈಗಳು ಬಹುಮಟ್ಟಿಗೆ ಪಕ್ಕದ ಮೇಜಿನವರನ್ನು ಕೇಳಿಯೇ ಅದನ್ನು ಕಲಿಯಬೇಕಾಯಿತು. ಹೊರಗುತ್ತಿಗೆ ನೌಕರರ ಮತ್ತು ಅತಿಥಿ ಉಪನ್ಯಾಸಕರ ಪಾಡು ಬೇರೆಯೇ. ಮುಂದಿನ ವರ್ಷ ಕೆಲಸ ಇರುವುದೋ ಇಲ್ಲವೋ ಎಂಬ ಆತಂಕಕ್ಕೆ ಯಾವ ಪ್ರಾಣಾಯಾಮವೂ ಮದ್ದಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ‘ಬರ್ನ್‌ಔಟ್’ ಸ್ಥಿತಿಯನ್ನು, ಅಂದರೆ ತ್ರಾಣವೆಲ್ಲ ಸೋರಿಹೋಗಿ, ಕೆಲಸದ ಬಗ್ಗೆ ಜಿಗುಪ್ಸೆ ಹುಟ್ಟಿ, ತನ್ನಿಂದ ಏನೂ ಆಗದೆನ್ನಿಸುವ ಸ್ಥಿತಿಯನ್ನು, ಕಾಯಿಲೆಯೆಂದು ಕರೆಯದೆ ಉದ್ಯೋಗಕ್ಕೆ ಸಂಬಂಧಿಸಿದ ವಿದ್ಯಮಾನವೆಂದೇ ವಿವರಿಸಿತು. ಮೂಲ ಕೆಲಸದಲ್ಲಿದ್ದರೆ ಮದ್ದನ್ನೂ ಅಲ್ಲಿಯೇ ಹುಡುಕಬೇಕಾಗುತ್ತದೆ. ಜೂನ್ 21ರಂದು ಯೋಗದ ಚಾಪೆ ಹಾಸುವುದರಲ್ಲಿ ತಪ್ಪೇನಿಲ್ಲ. ಆದರೆ ಅದೇ ತಿಂಗಳಲ್ಲಿ ಒಂದಕ್ಷರದ ತಿದ್ದುಪಡಿಯನ್ನು ಕಿಟಕಿಯಲ್ಲೇ ಮುಗಿಸುವ ಅಧಿಕಾರವನ್ನೂ ಅದಕ್ಕೆ ಬೇಕಾದ ತರಬೇತಿಯನ್ನೂ ಅಲ್ಲಿ ಕುಳಿತವರಿಗೆ ಕೊಡಲು ಕುಲಸಚಿವರ ಒಂದು ಸುತ್ತೋಲೆ ಸಾಕು.