ಯಂತ್ರದ ನೆನಪನ್ನು ಅಳಿಸುವುದು ಹೇಗೆ?

ಅಡಿಕೆಯ ರೋಗ, ಧಾರಣೆಗಳ ವಿಚಾರವಾಗಿ ಮೊಬೈಲಿನ ಕೃತಕ ಬುದ್ಧಿ ಸಹಾಯಕನನ್ನು ಕೇಳುವವರು ಮಧುಗಿರಿ, ಶಿರಾ ಸೀಮೆಯ ಬೆಳೆಗಾರ ಬಾಂಧವರಲ್ಲೂ ಇದ್ದಾರೆ. ಪಹಣಿ, ಪಾಸ್‌ಬುಕ್ಕಿನ ಚಿತ್ರವನ್ನೂ ಕೊಟ್ಟಿರುತ್ತಾರೆ. ಆಮೇಲೆ ಬೇಡವೆನಿಸಿ ಮಾತುಕತೆಯನ್ನಷ್ಟೇ ಅಳಿಸಿದರೆ ಸಾಲದು. ಚೀಟಿ ಹರಿದರೂ ಮಂಡಿಯ ಖಾತೆಯಲ್ಲಿ ಲೆಕ್ಕ ಉಳಿದಂತೆ, ಯಂತ್ರದ ‘ನೆನಪು’, ಕೊಟ್ಟ ಕಡತ, ಕಂಪನಿಯ ನಕಲು ಪ್ರತಿ ಬೇರೆ ಬೇರೆ ಕಡೆ ಉಳಿದಿರಬಹುದು.

ಅಳಿಸುವ ಕೆಲಸವನ್ನು ಸಹಾಯಕನಿಗೇ ವಹಿಸುವುದಾದರೆ, ಏನೇನು ಹೋಗುತ್ತದೆಂಬ ಪಟ್ಟಿಯನ್ನು ಮೊದಲು ಕೇಳಿ, ಓದಿದ ಮೇಲೆಯೇ ಒಪ್ಪಿಗೆ ಕೊಡಿರಿ. ಸಾಲದ ರಸೀದಿಯೂ ಅದರೊಡನೆ ಹೋದೀತು! ‘ಅಳಿಸಿದೆ’ ಎಂದರೂ ಸೆಟ್ಟಿಂಗ್ಸ್ ತೆರೆದು ನೋಡಿರಿ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ 12ನೇ ಕಲಮು ಅಳಿಸುವಂತೆ ಕೇಳುವ ಹಕ್ಕನ್ನು ಕೊಡುತ್ತದೆ; ನಿಯಮಗಳು ಪ್ರಕಟವಾದ 2025ರ ನವೆಂಬರಿನಿಂದ 18 ತಿಂಗಳಿಗೆ ಅದರ ಜಾರಿಯನ್ನು ಗೊತ್ತುಪಡಿಸಲಾಗಿದೆ. ಬೇರೆ ಕಾನೂನಿನಂತೆ ಇಡಲೇಬೇಕಾದ ದಾಖಲೆಗೆ ಮಾತ್ರ ಇದು ನಡೆಯದು.