ಲೋಟದಲ್ಲಿ ಪ್ರೋಟೀನ್ ಎಷ್ಟು?

ಮೈಸೂರಿನ ಗರಡಿಗಳಲ್ಲಿ ಸಾಮು ಮುಗಿಸಿದ ಪೈಲ್ವಾನರು ಬಾದಾಮಿ ಅರೆದು ಹಾಕಿದ ಹಾಲು ಕುಡಿಯುವುದು ಹಳೆಯ ರೂಢಿ. ಜಿಮ್ಮಿಗೆ ಹೋಗುವ ಹುಡುಗರು ಶೇಕರ್ ಬಾಟಲಿಯಲ್ಲಿ ವೇ ಪುಡಿ ಕಲಕುತ್ತಾರೆ. ನೋಡಲು ಬೇರೆ ಬೇರೆ, ಆದರೆ ಎರಡರ ಮೂಲವೂ ಹಾಲೇ.

ಭಾರ ಎತ್ತಿದ ಮೇಲೆ ಒಂದು ದಿನದವರೆಗೂ, ಕೆಲವೊಮ್ಮೆ ಇನ್ನೂ ಹೆಚ್ಚು ಹೊತ್ತು, ಸ್ನಾಯುಗಳು ಹೊಸ ಪ್ರೋಟೀನ್ ಕಟ್ಟಿಕೊಳ್ಳುವ ವೇಗ ಏರಿಯೇ ಇರುತ್ತದೆ. ಈ ಕೆಲಸಕ್ಕೆ ಚಾಲನೆ ಕೊಡುವ ಮೇಸ್ತ್ರಿ ಲ್ಯೂಸಿನ್ ಎಂಬ ಅಮೈನೋ ಆಮ್ಲ. ಹಾಲಿನ ಪ್ರೋಟೀನಿನಲ್ಲಿ ಅದು ಧಾರಾಳವಾಗಿದೆ. ಆ ಪ್ರೋಟೀನಿನ ಸುಮಾರು ಶೇ. 80 ಭಾಗ ಕೇಸಿನ್, ಉಳಿದದ್ದು ವೇ. ವೇ ಬೇಗ ಅರಗುತ್ತದೆ. ಕೇಸಿನ್ ಹೊಟ್ಟೆಯಲ್ಲಿ ಹೆಪ್ಪುಗಟ್ಟಿ ನಿಧಾನವಾಗಿ ಕರಗುತ್ತದೆ. ಅರ್ಧ ಗಂಟೆಯೊಳಗೆ ಕುಡಿಯದಿದ್ದರೆ ಪಟ್ಟ ಶ್ರಮವೆಲ್ಲ ವ್ಯರ್ಥ ಎಂದು ಗಾಬರಿಪಡುವವರಿದ್ದಾರೆ, ಅದು ಬೇಕಿಲ್ಲ. ಇಡೀ ದಿನದಲ್ಲಿ ಒಟ್ಟು ಎಷ್ಟು ಸೇರಿತು ಎಂಬುದೇ ಮುಖ್ಯ.

ಕಣ್ಣು ಮೋಸಹೋಗುವುದು ಗಟ್ಟಿತನದಲ್ಲಿ. 250 ಮಿ.ಲೀ. ಹಸುವಿನ ಹಾಲಿನಲ್ಲಿ ಸುಮಾರು 8 ಗ್ರಾಂ ಪ್ರೋಟೀನ್. ಕೆನೆಭರಿತ ಪ್ಯಾಕೆಟ್ಟಾದರೂ ಟೋನ್ಡ್ ಹಾಲಾದರೂ ಇದು ಹೆಚ್ಚುಕಡಿಮೆ ಅಷ್ಟೇ. ವ್ಯತ್ಯಾಸ ಇರುವುದು ಕೊಬ್ಬಿನಲ್ಲಿ. ಹತ್ತು ಬಾದಾಮಿ ಅರೆದು ಹಾಕಿದರೆ ಸೇರುವುದು ಎರಡೂವರೆ ಗ್ರಾಂ. 25 ಗ್ರಾಂ ರಾಗಿ ಹಿಟ್ಟಿನಲ್ಲಿ ಎರಡು ಗ್ರಾಮೂ ಇಲ್ಲ. ರಾಗಿಯ ಹೆಚ್ಚುಗಾರಿಕೆ ಕ್ಯಾಲ್ಸಿಯಂ. ಆದರೆ ಹುರಿಗಡಲೆ ಹಿಟ್ಟನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. 30 ಗ್ರಾಂ ಹಿಟ್ಟಿನಲ್ಲಿ ಆರು ಗ್ರಾಂ ಪ್ರೋಟೀನ್ ಇದೆ. ಒಂದು ಲೋಟ ಹಾಲಿಗೆ ಗಂಟಿಲ್ಲದಂತೆ ಕಲಸಿದರೆ 14 ಗ್ರಾಂ. ನನ್ನ ಮಟ್ಟಿಗೆ ಕಡಿಮೆ ಖರ್ಚಿನಲ್ಲಿ ಇದಕ್ಕಿಂತ ಒಳ್ಳೆಯ ಪಾನೀಯವಿಲ್ಲ. ಒಂದು ಅಳತೆ ವೇ ಪುಡಿಯಲ್ಲಿ ಸಾಮಾನ್ಯವಾಗಿ 20ರಿಂದ 25 ಗ್ರಾಂ ಇರುತ್ತದೆ, ನಿಜ, ಬೆಲೆಯೂ ಹಾಗೇ.

ಹಾಗಾದರೆ ಮನೆಯಲ್ಲಿ ಪನೀರ್ ಮಾಡಿ ಉಳಿದ ನೀರೂ ವೇ ಅಲ್ಲವೇ? ಹೆಸರಿಗೆ ಹೌದು. ಆದರೆ ಹಾಲನ್ನು ಚೆನ್ನಾಗಿ ಕಾಯಿಸಿದಾಗ ವೇ ಪ್ರೋಟೀನಿನ ಬಹುಪಾಲು ಕೇಸಿನ್‌ಗೆ ಅಂಟಿಕೊಂಡು ಪನೀರಿನೊಳಗೇ ಸೇರಿಬಿಡುತ್ತದೆ. ಉಳಿದ ನೀರನ್ನು ಚಪಾತಿ ಹಿಟ್ಟು ಕಲಸಲು ಇಟ್ಟುಕೊಳ್ಳಿ, ತೋಳು ದಪ್ಪವಾಗಲಿ ಎಂದು ಕುಡಿಯಬೇಡಿ. ಹಾಲಿಗೆ ಹಸಿ ಮೊಟ್ಟೆ ಒಡೆದು ಹಾಕುವ ಚಟವೂ ಲಾಭದ್ದಲ್ಲ: ಬೆಂದ ಮೊಟ್ಟೆಯ ಪ್ರೋಟೀನ್ ಸುಮಾರು ಶೇ. 90ರಷ್ಟು ಅರಗಿದರೆ ಹಸಿಯದು ಅರ್ಧದಷ್ಟು ಮಾತ್ರ. ಜೊತೆಗೆ ಸಾಲ್ಮೊನೆಲ್ಲಾ ಸೋಂಕಿನ ಭಯ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 0.83 ಗ್ರಾಂ ಪ್ರೋಟೀನ್ ಸಾಕು. ಭಾರ ಎತ್ತುವವರಿಗೆ 1.6 ಗ್ರಾಂವರೆಗೆ ಉಪಯೋಗವಾದೀತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯಂತೂ 2024ರ ಆಹಾರ ಮಾರ್ಗಸೂಚಿಯಲ್ಲಿ ಮೈ ಬೆಳೆಸಲೆಂದು ಪುಡಿಗಳನ್ನು ಬಳಸಬೇಡಿ ಎಂದೇ ಹೇಳಿದೆ. ಕಿಡ್ನಿ ತೊಂದರೆ ಇದ್ದವರು ವೈದ್ಯರನ್ನು ಕೇಳದೆ ಪ್ರೋಟೀನ್ ಏರಿಸಬಾರದು.

ಬೆವರಿನ ಲೆಕ್ಕ ಬೇರೆ. ಬೆವರಲ್ಲಿ ನೀರಿನ ಜೊತೆ ಹೆಚ್ಚಾಗಿ ಹೋಗುವುದು ಸೋಡಿಯಂ. ಎಳನೀರಿನಲ್ಲಿ ಹೆಚ್ಚಿರುವುದು ಪೊಟ್ಯಾಸಿಯಂ. ಬಿಸಿಲಲ್ಲಿ ಗಂಟೆಗಟ್ಟಲೆ ಓಡಿ ಬಂದವರಿಗೆ ಉಪ್ಪು ಹಾಕಿದ ನೀರು ಮಜ್ಜಿಗೆ ಹೆಚ್ಚು ಹೊಂದುತ್ತದೆ. ಮುಕ್ಕಾಲು ಗಂಟೆ ಫ್ಯಾನಿನ ಕೆಳಗೆ ಡಂಬೆಲ್ ಎತ್ತಿದವರಿಗೆ ಬರೀ ನೀರು ಸಾಕು.